ಬಸುರಿಯ ತಾಂಬೂಲ

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲು ಗುಬ್ಬಿಯನ್ನು ದಾಟಿತೆಂದರೆ ತೆಂಗಿನ ಸೀಮೆ ಮೊದಲಾಯಿತೆಂದೇ ಅರ್ಥ. ನಿಟ್ಟೂರು, ಅಮ್ಮಸಂದ್ರ, ಬಾಣಸಂದ್ರ, ತಿಪಟೂರು - ಒಂದೊಂದು ನಿಲ್ದಾಣ ಕಳೆದಂತೆ ತೋಟಗಳು ಒತ್ತೊತ್ತಾಗುತ್ತವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ಬದುಕು ತೆಂಗನ್ನು ನಂಬಿಕೊಂಡದ್ದು; ಕೊಬ್ಬರಿಯ ಧಾರಣೆ ಏರಿದ ವರ್ಷ ಮದುವೆಯ ಮಾತುಕತೆಗಳು ಕೂಡಿಬರುತ್ತವೆ, ಇಳಿದ ವರ್ಷ ಮುಂದಕ್ಕೆ ಹೋಗುತ್ತವೆ. ತೆಂಗಿನ ಜೊತೆಗೆ ಅಡಕೆ. ಅಡಕೆಯ ಮರಕ್ಕೆ ಹಬ್ಬಿಸಿದ ವೀಳೆಯದ ಬಳ್ಳಿ. ತಾಂಬೂಲಕ್ಕೆ ಬೇಕಾದುದೆಲ್ಲ ಒಂದೇ ತೋಟದಲ್ಲಿ ಒದಗುವ ನಾಡು ಇದು. ಸುಣ್ಣಕ್ಕಾದರೂ ಬಹಳ ದೂರ ಹೋಗಬೇಕಾಗಿಲ್ಲ. ಅಮ್ಮಸಂದ್ರಕ್ಕೆ ಸಿಮೆಂಟಿನ ಕಾರ್ಖಾನೆ ಬಂದುದೇ ಈ ಸೀಮೆಯ ಸುಣ್ಣದ ಕಲ್ಲಿನ ದೆಸೆಯಿಂದ.

ಇಂಥ ನಾಡಿನಲ್ಲಿ ಹೆಣ್ಣುಮಗಳು ಬಸುರಾದಳೆಂದರೆ ಅವಳ ಮಡಿಲಿಗೆ ಏನು ಬೀಳುತ್ತದೆಂದು ಹೇಳಬೇಕಾದುದಿಲ್ಲ. ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕು, ಮೇಲೆ ಎಲೆ ಅಡಕೆ. ಬಳೆ ತೊಡಿಸುವ ದಿನ ನೆರೆಹೊರೆಯ ಮುತ್ತೈದೆಯರು ತರುವ ತಟ್ಟೆಗಳಲ್ಲಿಯೂ ಇವೇ. ಮಡಿಲಿಗೆ ಬಿದ್ದುದು ಆಹಾರ. ಕೈಗೆ ಕೊಟ್ಟುದು ತಾಂಬೂಲ. ಒಂದು ದೇಹಕ್ಕೆ, ಇನ್ನೊಂದು ಮರ್ಯಾದೆಗೆ. ಈ ಎರಡರ ನಡುವೆ ಮೂರನೆಯದೊಂದು ವಸ್ತು, ಯಾರೂ ಕರೆಯದೆ, ಮಂತ್ರವಿಲ್ಲದೆ, ಶಾಸ್ತ್ರವಿಲ್ಲದೆ, ತಾಂಬೂಲದ ಮಡಿಕೆಯೊಳಗೆ ಸೇರಿಕೊಂಡು ಮುನ್ನೂರು ವರ್ಷಗಳ ಮೇಲಾಯಿತು. ಅದು ಹೊಗೆಸೊಪ್ಪು. ಅದು ಹೇಗೆ ಬಂದಿತು, ಬಸುರಿನಲ್ಲಿರುವ ಕೂಸಿಗೆ ಅದು ಮಾಡುವುದೇನು, ಮಡಿಲು ತುಂಬಿದ ಆಹಾರ ಅದರ ಕೇಡನ್ನು ತೀರಿಸಬಲ್ಲುದೆ ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಬೇಕೆಂದಿದೆ.

ಹಳೆಯ ತಾಂಬೂಲ

ತಾಂಬೂಲ ನಮಗೆ ಬಹು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಬರೆದ ‘ಮಾನಸೋಲ್ಲಾಸ’ ರಾಜನಾದವನ ಉಪಭೋಗಗಳನ್ನು ಒಂದೊಂದಾಗಿ ವಿವರಿಸುವಾಗ ತಾಂಬೂಲಕ್ಕೂ ಒಂದು ಸ್ಥಾನವನ್ನು ಕೊಟ್ಟಿದೆ. 1443ರಲ್ಲಿ ಪಾರಸಿಕ ದೊರೆ ಶಾಹರುಖ್‌ನ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಇಲ್ಲಿನವರು ಎಲೆ, ಅಡಕೆ, ಸುಣ್ಣಗಳನ್ನು ಸೇರಿಸಿ ಮೆಲ್ಲುವ ಬಗೆಯನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಅರಮನೆಯಲ್ಲಿ ತನಗೆ ವೀಳೆಯವಿತ್ತು ಗೌರವಿಸಿದುದನ್ನು ಮರೆತಿಲ್ಲ. ಇಷ್ಟು ನುರಿತ ರಸಿಕರೂ ಇಷ್ಟು ಕಣ್ಣು ತೆರೆದು ನೋಡಿದ ಪ್ರವಾಸಿಯೂ ಹೊಗೆಸೊಪ್ಪಿನ ಮಾತನ್ನೇ ಎತ್ತುವುದಿಲ್ಲ. ಎತ್ತುವುದು ಸಾಧ್ಯವೂ ಇರಲಿಲ್ಲ. ಆ ಗಿಡ ಆಗ ಸಮುದ್ರದಾಚೆಯ ಅಮೆರಿಕದಲ್ಲಿತ್ತು. ಕೊಲಂಬಸನು ಅದನ್ನು ಕಂಡುದು 1492ರಲ್ಲಿ.

ಅಲ್ಲಿಂದ ಸ್ಪೇನ್ ಪೋರ್ಚುಗಲ್‌ಗಳ ಹಡಗು ಹತ್ತಿ, ಪಶ್ಚಿಮ ಕರಾವಳಿಯಲ್ಲಿ ಇಳಿದು, ಘಟ್ಟ ಏರಿ ಬಂದ ಈ ಸೊಪ್ಪು ಉತ್ತರ ಹಿಂದೂಸ್ಥಾನಕ್ಕೆ ಹೋದುದು ಕನ್ನಡ ನಾಡಿನ ಮೂಲಕವೆಂಬುದು ಹಲವರಿಗೆ ತಿಳಿದಿರಲಾರದು. ಅಕ್ಬರನ ಆಸ್ಥಾನದ ಅಸದ್ ಬೇಗ್ ಎಂಬ ಅಧಿಕಾರಿ ರಾಜಕಾರ್ಯದ ಮೇಲೆ ಬಿಜಾಪುರಕ್ಕೆ ಬಂದಿದ್ದವನು 1604ರ ಸುಮಾರಿಗೆ ಅಲ್ಲಿ ಈ ಸೊಪ್ಪನ್ನು ಮೊದಲ ಬಾರಿಗೆ ಕಂಡು, ರತ್ನ ಕೆತ್ತಿಸಿದ ಕೊಳವೆಯೊಂದಿಗೆ ಬಾದಷಹನಿಗೆ ಕಾಣಿಕೆಯಾಗಿ ಒಯ್ದನು. ಅಕ್ಬರನು ಒಂದೆರಡು ಸಲ ಸೇದಿ ನೋಡಿದನು. ಆಸ್ಥಾನ ವೈದ್ಯನು, ನಮ್ಮ ಗ್ರಂಥಗಳಲ್ಲಿ ಇದರ ಹೆಸರಿಲ್ಲ, ಗುಣವರಿಯದ ವಸ್ತುವನ್ನು ಪ್ರಭುಗಳು ಸೇವಿಸಬಾರದೆಂದು ತಡೆದನು. ಅಸದ್ ಬೇಗನೇ ಬರೆದಿಟ್ಟಿರುವ ಈ ವೃತ್ತಾಂತದಲ್ಲಿ ವೈದ್ಯನ ಮಾತು ಸಭೆಗೆ ರುಚಿಸಲಿಲ್ಲ. ದೊಡ್ಡವರು ಸೇದತೊಡಗಿದರು, ವರ್ತಕರು ಮಾರತೊಡಗಿದರು. ಜಹಾಂಗೀರನು 1617ರಲ್ಲಿ ಇದನ್ನು ನಿಷೇಧಿಸಿದನು. ನಿಷೇಧ ಕಾಗದದ ಮೇಲೆ ಉಳಿಯಿತು.

ನಮ್ಮ ಮಾತಿನಲ್ಲಿಯೇ ಈ ಚರಿತ್ರೆಯ ಗುರುತಿದೆ. ಮೈಸೂರು ಸೀಮೆಯವರು ‘ಹೊಗೆಸೊಪ್ಪು’ ಎನ್ನುತ್ತೇವೆ. ಉತ್ತರದ ಜಿಲ್ಲೆಗಳವರು ‘ತಂಬಾಕು’ ಎನ್ನುತ್ತಾರೆ. ಎರಡನೆಯದು ಹಡಗಿನೊಂದಿಗೆ ಬಂದ ಶಬ್ದ. ಮೊದಲನೆಯದು ಅಪ್ಪಟ ಕನ್ನಡ, ಆದರೆ ಸಮಾಸವೇ ತನ್ನ ಹೊಸತನವನ್ನು ಒಪ್ಪಿಕೊಳ್ಳುತ್ತದೆ. ಎಲೆಗೂ ಅಡಕೆಗೂ ಸುಣ್ಣಕ್ಕೂ ನಮ್ಮಲ್ಲಿ ಹುಟ್ಟುಹೆಸರುಗಳಿವೆ. ಇದಕ್ಕೆ ಮಾತ್ರ ಎರಡು ಪದ ಜೋಡಿಸಿ ಹೆಸರಿಡಬೇಕಾಯಿತು. ಹೊಗೆಯಾಡಿಸುವ ಸೊಪ್ಪೆಂದು ಬಂದುದನ್ನು ನಮ್ಮ ಹೆಂಗಸರು ಹೊಗೆಯಿಲ್ಲದೆ ಅಗಿಯತೊಡಗಿದ ಮೇಲೂ ಹೆಸರು ಹಾಗೆಯೇ ನಿಂತಿತು.

ಸುಣ್ಣ ಮಾಡಿದ ಕೆಲಸ

ಹೆಣ್ಣುಮಕ್ಕಳು ಬಹಿರಂಗವಾಗಿ ಹುಕ್ಕಾ ಸೇದುವುದು ನಮ್ಮ ಕಡೆ ಸಲ್ಲುವ ಮಾತಾಗಿರಲಿಲ್ಲ. ಎಲೆ ಅಡಕೆ ಹಾಕಿಕೊಳ್ಳುವುದು ಮಾತ್ರ ಮಂಗಳಕರ. ಹೊಗೆಸೊಪ್ಪು ಹೆಂಗಸರ ಬಾಯಿಗೆ ಬರಬೇಕಾದರೆ ಅದಕ್ಕೆ ಇದ್ದ ದಾರಿ ತಾಂಬೂಲವೊಂದೇ. ಎಸಳಾಗಿ, ಕಡ್ಡಿಪುಡಿಯಾಗಿ, ಅದು ಎಲೆಅಡಕೆಯ ಸಂಚಿಯೊಳಗೆ ಸುಣ್ಣದ ಡಬ್ಬಿಯ ಪಕ್ಕದಲ್ಲಿ ಸ್ಥಾನ ಪಡೆಯಿತು. ಹಲ್ಲಿಗೆ ನಶ್ಯ ತಿಕ್ಕುವುದೂ ಇದರ ಇನ್ನೊಂದು ರೂಪ. ಮರ್ಯಾದೆಯ ವಸ್ತುವಿನ ಜೊತೆಗೆ ಬಂದುದರಿಂದ ಮರ್ಯಾದೆಯೂ ಇದಕ್ಕೆ ತಾನಾಗಿ ಒದಗಿತು.

ಇಲ್ಲಿ ರಸಾಯನಶಾಸ್ತ್ರದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹೊಗೆಸೊಪ್ಪಿನ ಸಾರವಾದ ನಿಕೋಟಿನ್ ಎಂಬುದಕ್ಕೆ ಆ ಹೆಸರು ಬಂದುದು 1560ರ ಸುಮಾರಿನಲ್ಲಿ ಲಿಸ್ಬನ್‌ನಿಂದ ಫ್ರಾನ್ಸಿನ ಅರಮನೆಗೆ ಈ ಗಿಡವನ್ನು ಔಷಧಿಯೆಂದು ಕಳುಹಿಸಿದ ರಾಯಭಾರಿ ಜಾನ್ ನಿಕೋನಿಂದ. ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದವರು ಜರ್ಮನಿಯ ಹೈಡೆಲ್‌ಬರ್ಗಿನಲ್ಲಿದ್ದ ಪೊಸೆಲ್ಟ್ ಮತ್ತು ರೈಮಾನ್ ಎಂಬ ಇಬ್ಬರು, 1828ರಲ್ಲಿ. ಅಮ್ಮಸಂದ್ರದವರಿಗೆ ಹೈಡೆಲ್‌ಬರ್ಗ್ ಎಂಬ ಹೆಸರು ಅಪರಿಚಿತವಲ್ಲ. ಅಲ್ಲಿನ ಮೈಸೂರು ಸಿಮೆಂಟ್ಸ್ ಕಾರ್ಖಾನೆ 2006ರಲ್ಲಿ ಆ ಊರಿನ ಕಂಪನಿಯ ಕೈಗೆ ಬಂದಿತಷ್ಟೆ. ಸುಣ್ಣದ ಕಲ್ಲಿನ ಊರಿಗೂ ನಿಕೋಟಿನ್ನಿನ ಊರಿಗೂ ಹೀಗೊಂದು ನಂಟು ಬೆಳೆದುದು ಕೇವಲ ಆಕಸ್ಮಿಕ. ಬಾಯಿಯೊಳಗೆ ಸುಣ್ಣಕ್ಕೂ ನಿಕೋಟಿನ್ನಿಗೂ ಇರುವ ನಂಟಾದರೋ ಆಕಸ್ಮಿಕವಲ್ಲ.

ನಿಕೋಟಿನ್ ಹುಳಿಯ ಗುಣವುಳ್ಳ ದ್ರವದಲ್ಲಿ ಕಟ್ಟುಬಿದ್ದಿರುತ್ತದೆ. ಬಾಯಿಯ ಒಳಚರ್ಮವನ್ನು ಸುಲಭವಾಗಿ ದಾಟಲಾರದು. ಅದರ ಜೊತೆಗೆ ಕ್ಷಾರ ಸೇರಿದರೆ ಬಿಡುಗಡೆ ಹೊಂದಿ ಚರ್ಮದ ಮೂಲಕ ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ಎಲೆಗೆ ಹಚ್ಚಿದ ಸುಣ್ಣ ಅಂಥ ಕ್ಷಾರ. ಎಲೆಯ ಖಾರವನ್ನೂ ಅಡಕೆಯ ಒಗರನ್ನೂ ಹದಗೊಳಿಸಲೆಂದು ನಮ್ಮ ಹಿರಿಯರು ಸಾವಿರಾರು ವರ್ಷಗಳಿಂದ ಬಳಸುತ್ತಿದ್ದ ಸುಣ್ಣ, ಹೊಸದಾಗಿ ಬಂದ ಅತಿಥಿಗೆ ಅರಿಯದೆಯೇ ಬಾಗಿಲು ತೆರೆದುಕೊಟ್ಟಿತು. ಬೀಡಿ ಸಿಗರೇಟುಗಳನ್ನು ಮುಟ್ಟದ ಹೆಂಗಸು ತಾನು ‘ಬರಿಯ ಎಲೆ ಅಡಕೆ’ ಹಾಕುತ್ತೇನೆಂದು ಹೇಳುವಾಗ, ಕಡ್ಡಿಪುಡಿಯ ಸಾರ ಅವಳ ರಕ್ತದಲ್ಲಿ ಸೇದುವವರ ರಕ್ತದಲ್ಲಿದ್ದಂತೆಯೇ ಓಡುತ್ತಿರುತ್ತದೆ.

ಅಭ್ಯಾಸ ಎಷ್ಟು ಬೇಗ ಬೇರೂರಿತೆಂಬುದಕ್ಕೆ ಬೊಕ್ಕಸದ ಲೆಕ್ಕಗಳೇ ಸಾಕ್ಷಿ. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕನ್ನಡ ಜಿಲ್ಲೆಯಲ್ಲಿಯೂ ಮಲಬಾರಿನಲ್ಲಿಯೂ ಹೊಗೆಸೊಪ್ಪಿನ ಮಾರಾಟವನ್ನು ಉಪ್ಪಿನ ಹಾಗೆ ತಮ್ಮ ಏಕಸ್ವಾಮ್ಯ ಮಾಡಿಕೊಂಡಿದ್ದರು. ಉಪ್ಪಿಲ್ಲದೆ ಬದುಕು ನಡೆಯದು. ಅದರ ಸಾಲಿಗೆ ಈ ಸೊಪ್ಪೂ ಸೇರಬೇಕಾದರೆ ಜನ ಅದನ್ನು ಬಿಡಲಾರದಷ್ಟು ಹಚ್ಚಿಕೊಂಡಿದ್ದರೆಂದಾಯಿತು.

ಶಾಸ್ತ್ರದ ಮೌನ

ಬಸುರಿ ಏನು ತಿನ್ನಬೇಕು, ಏನು ತಿನ್ನಬಾರದು ಎಂಬ ವಿಷಯದಲ್ಲಿ ನಮ್ಮ ಪ್ರಾಚೀನರು ಉದಾಸೀನರಾಗಿದ್ದರೆಂದು ಯಾರೂ ಹೇಳುವಂತಿಲ್ಲ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ತಿಂಗಳು ತಿಂಗಳಿಗೂ ಗರ್ಭಿಣಿಯ ಆಹಾರ ಹೇಳಿದೆ. ಮೊದಲ ತಿಂಗಳಿನಿಂದಲೇ ಹಾಲು, ಮುಂದೆ ಹಾಲಿನೊಡನೆ ಬೆಣ್ಣೆ, ತುಪ್ಪ. ಗರ್ಭಿಣಿಯನ್ನು ಎರಡು ಹೃದಯದವಳೆಂದು ಕರೆದು, ಅವಳ ಬಯಕೆ ಕೂಸಿನ ಬಯಕೆಯೂ ಹೌದೆಂದು ಭಾವಿಸಿದರು. ಇನ್ನೂ ಗಮನಾರ್ಹವಾದ ಮಾತು ಅಲ್ಲಿಯೇ ಇದೆ. ತಾಯಿಯ ಯಾವ ಯಾವ ಅಭ್ಯಾಸಗಳು ಗರ್ಭಕ್ಕೆ ಕೇಡು ತರುತ್ತವೆಂಬ ಪಟ್ಟಿಯಲ್ಲಿ ನಿತ್ಯ ಮದ್ಯಪಾನ ಬಂದಿದೆ. ಅಂಥ ತಾಯಿಯ ಮಗು ನೆನಪಿನಲ್ಲಿ ಕುಂದಿ, ಚಂಚಲಚಿತ್ತವಾಗುವುದೆಂದು ಹೇಳಿದೆ. ತಾಯಿಯ ಚಟ ಕೂಸಿನ ಮೆದುಳನ್ನು ಮುಟ್ಟುತ್ತದೆಂಬ ತಿಳಿವಳಿಕೆ ನಮಗೆ ಹೊಸದಲ್ಲ.

ಆ ಪಟ್ಟಿಯಲ್ಲಿ ಹೊಗೆಸೊಪ್ಪು ಇಲ್ಲ. ಆ ಕಾಲದಲ್ಲಿ ಇಲ್ಲದ ವಸ್ತು ಆ ಕಾಲದ ಪಟ್ಟಿಯಲ್ಲಿ ಹೇಗೆ ಬಂದೀತು? ಆದರೆ ಮನೆಯ ಹಿರಿಯರು ಈ ಮೌನವನ್ನು ಸಮ್ಮತಿಯೆಂದು ತಿಳಿದರು. ಪರಂಗಿಹಣ್ಣು ಬೇಡ, ಎಳ್ಳು ಬೇಡ, ಗ್ರಹಣದಲ್ಲಿ ಹೊರಗೆ ಬರಬೇಡ ಎಂದು ನೂರು ಕಟ್ಟಳೆಗಳನ್ನು ವಿಧಿಸುವ ಅತ್ತೆ, ಅದೇ ಸೊಸೆಗೆ ಓಕರಿಕೆ ಬಂದಾಗ ತನ್ನ ಸಂಚಿಯಿಂದಲೇ ಒಂದು ಚೂರು ಹೊಗೆಸೊಪ್ಪು ಮುರಿದುಕೊಟ್ಟರೆ ಅದರಲ್ಲಿ ಕ್ರೌರ್ಯವಿಲ್ಲ, ಪ್ರೀತಿಯೇ ಇದೆ. ಸಂಪ್ರದಾಯ ಹೇಳಿಕೊಡದಿದ್ದುದನ್ನು ಅವಳು ಎಲ್ಲಿಂದ ಕಲಿಯಬೇಕು? ಅಕ್ಬರನ ವೈದ್ಯನು ಗ್ರಂಥದ ಮೌನದಿಂದ ಎಚ್ಚರಿಕೆಯನ್ನು ಕಲಿತನು. ನಾವು ಅದೇ ಮೌನದಿಂದ ಧೈರ್ಯವನ್ನು ಕಲಿತೆವು.

ಇನ್ನೊಂದು ಕಾರಣವೂ ಇದೆ. ಕೂಸನ್ನು ತೂಗುವ ಪದ್ಧತಿ ನಮ್ಮಲ್ಲಿರಲಿಲ್ಲ. ಸೂಲಗಿತ್ತಿಯರ ಕೈಗುಣವನ್ನು ಹಳಿಯುವುದಕ್ಕಾಗಿ ಈ ಮಾತಲ್ಲ. ಇದೇ ತುಮಕೂರು ಜಿಲ್ಲೆಯ ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆಗಳನ್ನು ಕಾಸಿಲ್ಲದೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದುದನ್ನು ನಾಡೆಲ್ಲ ಬಲ್ಲುದು. ಆದರೆ ಎಷ್ಟು ಪಳಗಿದ ಕೈಯಾದರೂ ನೂರು ಗ್ರಾಮಿನ ಕೊರತೆಯನ್ನು ಹಿಡಿಯಲಾರದು. ಕಣ್ಣಿಗೆ ಕಾಣದ, ಕೈಗೆ ಸಿಗದ ನಷ್ಟವನ್ನು ತಕ್ಕಡಿಯೇ ಹೇಳಬೇಕು.

ತಕ್ಕಡಿ ಹೇಳಿದ ಮಾತು

ಅಂಥ ತಕ್ಕಡಿ ಮೈಸೂರಿನಲ್ಲಿತ್ತು. 1906ರಲ್ಲಿ ಸ್ಥಾಪನೆಯಾದ, ಊರಿನವರು ಮಿಷನ್ ಆಸ್ಪತ್ರೆಯೆಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲೆಗೆ ಬರೆಯುತ್ತಿದ್ದರು. ಬರೆದವರಿಗೆ ಅದು ದಿನದ ಕರ್ತವ್ಯ. ಮುಂದೆ ಯಾರಾದರೂ ಓದುವರೆಂಬ ಎಣಿಕೆ ಇದ್ದಿರಲಾರದು. ಅರವತ್ತು ವರ್ಷಗಳಾದ ಮೇಲೆ ಇಂಗ್ಲೆಂಡಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮೊದಲಾದ ವೈದ್ಯರೂ ಮೈಸೂರಿನ ವೈದ್ಯರೂ ಸೇರಿ ಆ ಪುಸ್ತಕಗಳನ್ನು ತೆರೆದರು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿ, ಇನ್ನೂ ಆಸುಪಾಸಿನಲ್ಲಿಯೇ ವಾಸವಾಗಿದ್ದ 517 ಮಂದಿ ಗಂಡಸರು ಹೆಂಗಸರನ್ನು ಹುಡುಕಿ ಅವರ ಹೃದಯಗಳನ್ನು ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಇದು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಶೇಕಡ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗಿದ್ದವರಲ್ಲಿ ಶೇಕಡ 3 ಮಂದಿಗೆ.

ತಾಯಿಯ ಹೊಟ್ಟೆಯಲ್ಲಿ ಕಳೆದ ಒಂಬತ್ತು ತಿಂಗಳು ಐವತ್ತನೆಯ ವಯಸ್ಸಿನ ಎದೆನೋವಿನವರೆಗೂ ಹಿಂಬಾಲಿಸಿ ಬರಬಲ್ಲುದೆಂಬುದಕ್ಕೆ ದಕ್ಷಿಣ ಭಾರತ ಕೊಟ್ಟ ಸಾಕ್ಷ್ಯ ಇದು. ತೂಕ ಕಡಿಮೆಯಾದುದು ಹೊಗೆಸೊಪ್ಪಿನಿಂದಲೆಂದು ಈ ದಾಖಲೆಗಳು ಹೇಳುವುದಿಲ್ಲ. ಬಡತನ, ರಕ್ತಹೀನತೆ, ಎಳೆಯ ವಯಸ್ಸಿನ ಬಸುರು, ಹೀಗೆ ಕಾರಣಗಳು ಹಲವು. ಆದರೆ ತೂಕದ ಬೆಲೆ ಏನೆಂಬುದನ್ನು ಇವು ನಮಗೆ ಕಲಿಸಿದವು. ‘ಕೂಸು ಸ್ವಲ್ಪ ಸಣ್ಣದು, ಹಾಲು ಕುಡಿದು ದಪ್ಪಗಾಗುತ್ತದೆ’ ಎಂಬ ಸಮಾಧಾನ ಇನ್ನು ಸಾಲದಾಯಿತು.

ಹೊಗೆಸೊಪ್ಪಿನ ಮೇಲಿನ ಆರೋಪ ಮೊದಲು ಸಿದ್ಧವಾದುದು ಪಾಶ್ಚಾತ್ಯ ದೇಶಗಳಲ್ಲಿ, ಅದೂ ಸಿಗರೇಟಿನ ಮೇಲೆ. ಸಿಗರೇಟು ಸೇದುವ ತಾಯಂದಿರ ಮಕ್ಕಳು ಕಡಿಮೆ ತೂಕದವೂ ಅವಧಿಗೆ ಮುಂಚೆ ಹುಟ್ಟಿದವೂ ಆಗುವುದು ಹೆಚ್ಚೆಂದು 1957ರಲ್ಲಿ ಕ್ಯಾಲಿಫೋರ್ನಿಯದಿಂದ ವರದಿ ಬಂದಿತು. ಅನಂತರ ಹಲವು ದೇಶಗಳಲ್ಲಿ ಅದೇ ಮಾತು ಸ್ಥಿರಪಟ್ಟಿತು. ನಮ್ಮಲ್ಲಿ ಇದನ್ನೋದಿದವರು ನಿಟ್ಟುಸಿರು ಬಿಟ್ಟಿರಬೇಕು, ನಮ್ಮ ಹೆಂಗಸರು ಸಿಗರೇಟು ಸೇದುವುದಿಲ್ಲವಲ್ಲ ಎಂದು. ಅಗಿಯುವುದರ ಪರಿಣಾಮವನ್ನು ದೊಡ್ಡ ಪ್ರಮಾಣದಲ್ಲಿ ಅಳೆದು ನೋಡಿದ ಪ್ರಸಿದ್ಧ ಅಧ್ಯಯನ ಪ್ರಕಟವಾಗುವ ಹೊತ್ತಿಗೆ 2004 ಬಂದಿತ್ತು. ಮುಂಬಯಿಯಲ್ಲಿ ಪ್ರಕಾಶ್ ಗುಪ್ತ ಮತ್ತು ಶ್ರೀವಿದ್ಯಾ ಎಂಬ ಸಂಶೋಧಕರು 1,217 ಗರ್ಭಿಣಿಯರನ್ನು ಹೆರಿಗೆಯವರೆಗೂ ಅನುಸರಿಸಿ ನೋಡಿದರು. ಹುರಿದ ಹೊಗೆಸೊಪ್ಪಿನ ಪುಡಿಯಿಂದ ಹಲ್ಲುಜ್ಜುವುದು, ಅಗಿಯುವುದು - ಇಂಥ ಹೊಗೆಯಿಲ್ಲದ ಬಳಕೆಯವರೇ ಅಲ್ಲಿ ಹೆಚ್ಚಾಗಿ ಇದ್ದವರು. ಬಡತನ ಮೊದಲಾದ ಬೇರೆ ಕಾರಣಗಳನ್ನು ಲೆಕ್ಕದಿಂದ ಕಳೆದ ಮೇಲೂ, ಬಳಸುವ ತಾಯಂದಿರ ಮಕ್ಕಳು ಸರಾಸರಿ 105 ಗ್ರಾಮ್ ಕಡಿಮೆ ತೂಗಿದವು. ಅವಧಿಗೆ ಮುಂಚೆ ಹುಟ್ಟುವುದೂ ಹೆಚ್ಚಾಗಿತ್ತು.

ಇದು ನಡೆಯುವ ಬಗೆ ಹೀಗೆ: ನಿಕೋಟಿನ್ ರಕ್ತನಾಳಗಳನ್ನು ಬಿಗಿಮಾಡುತ್ತದೆ. ಗರ್ಭಕೋಶಕ್ಕೆ ರಕ್ತ ಒಯ್ಯುವ ನಾಳಗಳೂ ಬಿಗಿಯಾದರೆ ಕೂಸಿಗೆ ಮುಟ್ಟಬೇಕಾದ ಅನ್ನವೂ ಪ್ರಾಣವಾಯುವೂ ಕುಗ್ಗುತ್ತವೆ. ಅಷ್ಟೇ ಅಲ್ಲ, ನಿಕೋಟಿನ್ ಮಾಸನ್ನು ಸಲೀಸಾಗಿ ದಾಟಿ ಕೂಸಿನ ರಕ್ತವನ್ನು ಸೇರುತ್ತದೆ. ತಾಯಿಯ ರಕ್ತದಲ್ಲಿರುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿಯೇ ಅಲ್ಲಿ ನಿಲ್ಲುವುದುಂಟು. ಬೆಳೆಯುತ್ತಿರುವ ಮೆದುಳು ಶ್ವಾಸಕೋಶಗಳಲ್ಲಿ ಅದು ಹೋಗಿ ಕೂರುವ ನೆಲೆಗಳಿವೆ. ಅಲ್ಲಿ ಕುಳಿತು ಬೆಳವಣಿಗೆಯ ಕ್ರಮವನ್ನೇ ಕೆಡಿಸುತ್ತದೆ. ಇನ್ನೂ ಒಂದು ವಿಪರೀತ: ಬಸುರಿನಲ್ಲಿ ಹೆಂಗಸಿನ ದೇಹ ನಿಕೋಟಿನ್ನನ್ನು ಎಂದಿಗಿಂತ ಬೇಗ ಕಳೆದುಬಿಡುತ್ತದೆ. ಆದುದರಿಂದ ಚಟದ ಹೆಂಗಸಿಗೆ ಆಗ ಬಯಕೆ ಇನ್ನೂ ಬೇಗ ಬೇಗ ಮರುಕಳಿಸುತ್ತದೆ. ನೋಡುವವರು ಅದನ್ನು ಬಸುರಿಯ ಬಯಕೆಯೆಂದು ತಿಳಿದು ತೀರಿಸುತ್ತಾರೆ.

ಮಡಿಲು ತುಂಬಿದ ಕಥೆ

ಇನ್ನು ಮೂರನೆಯ ಪ್ರಶ್ನೆ. ಕಳೆದ ನೂರು ವರ್ಷಗಳಲ್ಲಿ ಬಸುರಿಯ ಆಹಾರದ ವಿಷಯದಲ್ಲಿ ನಡೆದ ಕೆಲಸ ಸಾಮಾನ್ಯವಾದುದಲ್ಲ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರನ್ನು ಬಿಳಿಚಿಸಿ ಕೊಲ್ಲುತ್ತಿದ್ದ ರಕ್ತಹೀನತೆಯ ಬೆನ್ನು ಹತ್ತಿದಳು. ಕೂನೂರಿನ ಪೋಷಣ ಸಂಶೋಧನಾಲಯದಲ್ಲಿಯೂ ಪ್ರಯೋಗ ನಡೆಸಿದಳು. ಮಾರ್ಮೈಟ್ ಎಂಬ ಅಗ್ಗದ ಹುದುಗಿನ ಸಾರವನ್ನು ತಿನ್ನಿಸಿದರೆ ಆ ಹೆಂಗಸರು ಚೇತರಿಸಿಕೊಳ್ಳುವರೆಂದು ಕಂಡುಹಿಡಿದು 1931ರಲ್ಲಿ ಪ್ರಕಟಿಸಿದಳು. ಅದರಲ್ಲಿದ್ದ ಗುಣವಸ್ತುವನ್ನು 1941ರಲ್ಲಿ ಪಾಲಕ್ ಸೊಪ್ಪಿನ ರಾಶಿಯಿಂದ ಬೇರ್ಪಡಿಸಿ, ಎಲೆಯೆಂಬರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಒಂದು ಸೊಪ್ಪು ಕೂಸನ್ನು ಕುಗ್ಗಿಸುತ್ತದೆ, ಇನ್ನೊಂದು ಸೊಪ್ಪು ಕಾಪಾಡುತ್ತದೆ.

ಮುಂದಿನದು ನಮ್ಮ ಸರ್ಕಾರಗಳ ಕಥೆ. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಗರ್ಭಿಣಿಯರಿಗೆ ಹಂಚುವ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲಿ ಮೊದಲಾಯಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದ ಸ್ಥಳ ಟಿ. ನರಸೀಪುರ. 2017ರ ಅಕ್ಟೋಬರ್ 2ರಿಂದ ‘ಮಾತೃಪೂರ್ಣ’ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ, ಕಡಲೆಕಾಯಿ ಚಿಕ್ಕಿ ಕೊಡತೊಡಗಿದರು. ಊರ ಮುತ್ತೈದೆಯರು ಮಡಿಲು ತುಂಬುತ್ತಿದ್ದ ಕೆಲಸವನ್ನು ಸರ್ಕಾರವೇ ಕೈಗೆತ್ತಿಕೊಂಡಿತು ಎನ್ನಬಹುದು. ಇಷ್ಟಾದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರ ಪೈಕಿ ಶೇಕಡ 52 ಮಂದಿ ರಕ್ತಹೀನರೆಂದು ಕಂಡುಬಂದಿತು. ಮೈಸೂರಿನ ಅದೇ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಪರೀಕ್ಷಿಸಿದ ಗರ್ಭಿಣಿಯರಲ್ಲಿ ಶೇಕಡ 43 ಮಂದಿಗೆ ಹಾಲು, ಮೊಟ್ಟೆ, ಮಾಂಸಗಳಿಂದ ದೊರೆಯುವ ಬಿ12 ಜೀವಸತ್ತ್ವದ ಕೊರತೆ ಇತ್ತು. ಫೋಲಿಕ್ ಆಮ್ಲದ ಕೊರತೆಯಾದರೋ ಕೆಲವರಿಗೆ ಮಾತ್ರ. ಒಂದು ಮಾತ್ರೆ ಎಲ್ಲ ಕೊರತೆಯನ್ನೂ ತುಂಬಲಾರದೆಂದು ಇದರಿಂದ ತಿಳಿಯುತ್ತದೆ.

ಹಾಗಾದರೆ ಹೊಗೆಸೊಪ್ಪು ಮಾಡಿದ ಕೇಡನ್ನು ಪೋಷಕ ವಸ್ತುಗಳಿಂದ ಸರಿಪಡಿಸಬಹುದೆ? ಈ ಪ್ರಶ್ನೆಯನ್ನು ನೇರವಾಗಿ ಕೇಳಿದವರು ಅಮೆರಿಕದ ಆರೆಗಾನ್ ರಾಜ್ಯದ ವೈದ್ಯರು. ಗರ್ಭಿಣಿ ಮಂಗಗಳಿಗೆ ನಿಕೋಟಿನ್ ಕೊಟ್ಟಾಗ ಮರಿಗಳ ಶ್ವಾಸಕೋಶ ಕೆಡುವುದನ್ನೂ, ಜೊತೆಗೆ ಸಿ ಜೀವಸತ್ತ್ವ ಕೊಟ್ಟರೆ ಆ ಕೇಡು ಕೆಲಮಟ್ಟಿಗೆ ತಗ್ಗುವುದನ್ನೂ ಅವರು ಮೊದಲು ಕಂಡಿದ್ದರು. ಅನಂತರ ಸಿಗರೇಟು ಬಿಡಲಾರದ 179 ಗರ್ಭಿಣಿಯರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ದಿನಕ್ಕೆ 500 ಮಿಲಿಗ್ರಾಮ್ ಸಿ ಜೀವಸತ್ತ್ವವನ್ನೂ ಇನ್ನೊಂದಕ್ಕೆ ಬರಿಯ ಗುಳಿಗೆಯನ್ನೂ ಕೊಟ್ಟರು. 2014ರಲ್ಲಿ ಪ್ರಕಟವಾದಂತೆ, ಜೀವಸತ್ತ್ವ ಪಡೆದ ತಾಯಂದಿರ ಮಕ್ಕಳ ಉಸಿರಾಟ ಹುಟ್ಟಿದಾಗ ಉತ್ತಮವಾಗಿತ್ತು; ಮೊದಲ ವರ್ಷದಲ್ಲಿ ಗೊರಗೊರ ಉಬ್ಬಸ ಕಾಣಿಸಿಕೊಂಡುದು ಶೇಕಡ 21 ಮಕ್ಕಳಲ್ಲಿ, ಇನ್ನೊಂದು ಪಂಗಡದಲ್ಲಿ ಶೇಕಡ 40.

ಸಂತೋಷದ ಸುದ್ದಿಯೇ ಸರಿ. ಆದರೆ ಇದನ್ನು ಓದಿ, ನೆಲ್ಲಿಕಾಯಿ ತಿಂದು ಕಡ್ಡಿಪುಡಿ ಹಾಕಬಹುದೆಂದು ಯಾರಾದರೂ ತಿಳಿದರೆ ಆ ವೈದ್ಯರಿಗೇ ಅನ್ಯಾಯ. ಅವರು ಗುಣಪಡಿಸಿದುದು ಶ್ವಾಸಕೋಶದ ಒಂದು ಭಾಗದ ಕೇಡನ್ನು. ಬಿಗಿದ ರಕ್ತನಾಳಗಳನ್ನಲ್ಲ, ಮೆದುಳನ್ನಲ್ಲ. ಬಿಡುವುದೇ ಮೊದಲ ಚಿಕಿತ್ಸೆ, ಬಿಡಲಾರದವರಿಗೆ ಇದೊಂದು ಆಸರೆ ಎಂಬುದು ಆ ಕೆಲಸದ ತಾತ್ಪರ್ಯ. ಒಂದು ಕೈಯಿಂದ ಮಡಿಲಿಗೆ ತುಂಬಿ, ಇನ್ನೊಂದು ಕೈಯಿಂದ ಮಡಿಲಿಗೆ ತೂತು ಮಾಡಿದರೆ ಕೂಸಿಗೆ ಉಳಿಯುವುದೇನು?

ಹಸಿವೆಯ ಮಾತು

ಇಲ್ಲಿ ನಾವು, ಪಟ್ಟಣದಲ್ಲಿ ಕುಳಿತು ಪತ್ರಿಕೆ ಓದುವವರು, ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಿಕೋಟಿನ್ನಿಗೆ ಹಸಿವೆಯನ್ನು ಅಡಗಿಸುವ ಗುಣವಿದೆ. ಕಳೆ ಕೀಳಲು, ಕಾಯಿ ಸುಲಿಯಲು ಬೆಳಗಿನಿಂದ ಸಂಜೆಯವರೆಗೆ ಕೂಲಿಗೆ ಹೋಗುವ ಹೆಂಗಸಿಗೆ ಒಂದು ಚೂರು ಹೊಗೆಸೊಪ್ಪು ಮಧ್ಯಾಹ್ನದ ಊಟದ ಬದಲು ಒದಗಿದ್ದುಂಟು. ದವಡೆಯಲ್ಲಿ ಅದನ್ನಿಟ್ಟುಕೊಂಡರೆ ಹೊಟ್ಟೆ ಕೂಗುವುದಿಲ್ಲ, ಹಲ್ಲುನೋವು ಮರೆಯುತ್ತದೆ, ಓಕರಿಕೆ ತಡೆಯುತ್ತದೆಂದು ಅವಳ ನಂಬಿಕೆ. ಅನ್ನವಿಲ್ಲದ ಕಡೆ ಅನ್ನದ ಸ್ಥಾನದಲ್ಲಿ ಕುಳಿತ ವಸ್ತುವನ್ನು ಬರಿಯ ಉಪದೇಶದಿಂದ ಎಬ್ಬಿಸಲಾಗದು. ಆ ದೃಷ್ಟಿಯಿಂದ ಅಂಗನವಾಡಿಯ ಬಿಸಿಯೂಟವೂ ಹೊಗೆಸೊಪ್ಪನ್ನು ಬಿಡಿಸುವ ಒಂದು ಉಪಾಯವೇ. ಮಧ್ಯಾಹ್ನ ಹೊಟ್ಟೆ ತುಂಬಿದವಳಿಗೆ ‘ಬಿಡಮ್ಮ’ ಎಂದು ಹೇಳುವ ಹಕ್ಕು ನಮಗೆ ಬರುತ್ತದೆ.

ದುಡಿಮೆಯಿಂದಲೇ ಈ ವಿಷ ತಗಲುವವರೂ ಇದ್ದಾರೆ. ತುಮಕೂರಿನಲ್ಲಿಯೂ ಕರಾವಳಿಯಲ್ಲಿಯೂ ಬೀಡಿ ಸುತ್ತುವ ಹೆಂಗಸರು ದಿನವಿಡೀ ಹೊಗೆಸೊಪ್ಪಿನ ಪುಡಿಯನ್ನು ಮಡಿಲಿನ ಮೊರದಲ್ಲಿಟ್ಟುಕೊಂಡೇ ಕೂರುತ್ತಾರೆ. ಹುಣಸೂರು ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳಲ್ಲಿ ಇಬ್ಬನಿ ನೆನೆದ ಎಲೆ ಕೊಯ್ಯುವವರ ಚರ್ಮದ ಮೂಲಕವೇ ನಿಕೋಟಿನ್ ಇಳಿಯಬಲ್ಲುದು. ಬಸುರಿನ ತಿಂಗಳುಗಳಲ್ಲಿ ಅವರಿಗೆ ಬೇರೆ ಕೆಲಸ, ಬೇರೆ ಕೂಲಿ ದೊರೆಯುವಂತೆ ಮಾಡುವುದು ಸಮಾಜದ ಹೊಣೆ.

ತೆಂಗಿನ ಸೀಮೆಯವರಿಗೆ ಅಪ್ರಿಯವಾದ ಇನ್ನೊಂದು ಮಾತನ್ನೂ ಮುಚ್ಚಿಡುವಂತಿಲ್ಲ. ಅಡಕೆಯೂ ಪೂರ್ತಿ ನಿರಪರಾಧಿಯಲ್ಲ. ಹೊಗೆಸೊಪ್ಪಿಲ್ಲದ ಬರಿಯ ಅಡಕೆಯೂ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಸಂಸ್ಥೆ ನಿರ್ಣಯಿಸಿದೆ. ಹೊಗೆಸೊಪ್ಪು ಬೆರೆಸದೆ ಅಡಕೆ ಅಗಿಯುವ ತೈವಾನಿನ ಬಸುರಿಯರಲ್ಲಿ ಕೂಸಿನ ತೂಕ ಕಡಿಮೆಯಾಗುವುದನ್ನು ಕಂಡಿದ್ದಾರೆ. ಪೂಜೆಗೆ, ಮದುವೆಗೆ, ಮಡಿಲಿಗೆ ಅಡಕೆ ಇರಲಿ. ಬಸುರಿಯ ಬಾಯಿಗೆ ಅದು ಅಗತ್ಯವಿಲ್ಲ. ಕೈಗೆ ಕೊಟ್ಟ ತಾಂಬೂಲವನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟರೂ ಮರ್ಯಾದೆ ಸಂದಂತೆಯೇ ಆಯಿತು.

ಕಾನೂನು ತನ್ನ ಪಾಲಿನದನ್ನು ಮಾಡುತ್ತಿದೆ. 2003ರಲ್ಲಿ ಕೇಂದ್ರದ ಕಾಯಿದೆ ಬಂದಿತು. 2013ರಲ್ಲಿ ಕರ್ನಾಟಕ ಗುಟ್ಕಾವನ್ನು ನಿಷೇಧಿಸಿತು. ಜಹಾಂಗೀರನ ಕಾಲದಿಂದ ಈವರೆಗಿನ ಅನುಭವ ನೋಡಿದರೆ, ನಿಷೇಧದ ಬಲ ಅಂಗಡಿಯ ಬಾಗಿಲಿಗೇ ಮುಗಿಯುತ್ತದೆ. ಮನೆಯೊಳಗೆ ನಡೆಯುವುದು ಹಿರಿಯ ಹೆಂಗಸಿನ ಮಾತು. ಆಶಾ ಕಾರ್ಯಕರ್ತೆ ತಾಯಿ ಕಾರ್ಡನ್ನು ಹಿಡಿದು ಮನೆಗೆ ಬಂದಾಗ ಸೊಸೆಯ ತೂಕ, ರಕ್ತ, ಮಾತ್ರೆಗಳನ್ನು ವಿಚಾರಿಸಿ ಹೋಗುವುದರ ಜೊತೆಗೆ ಅತ್ತೆಯ ಸಂಚಿಯ ಕಡೆಗೂ ಒಮ್ಮೆ ನೋಡಿ, ಬಿರುಸಿಲ್ಲದೆ, ‘ಅಮ್ಮಾ, ಇದರಲ್ಲಿ ಏನೇನಿದೆ?’ ಎಂದು ಕೇಳಿದರೆ ಬಹಳ ಕೆಲಸವಾದೀತು. ಪರಂಗಿಹಣ್ಣಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿರುವ ಅತ್ತೆ, ಕಾರಣ ತಿಳಿದರೆ ಕಡ್ಡಿಪುಡಿಯ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾದಾಳು. ಕಟ್ಟಳೆ ಹಾಕುವ ಶಕ್ತಿ ನಮ್ಮ ಮನೆಗಳಲ್ಲಿ ಬೇಕಾದಷ್ಟಿದೆ. ಅದಕ್ಕೆ ಸರಿಯಾದ ವಸ್ತುವನ್ನು ತೋರಿಸಿಕೊಡಬೇಕಾಗಿದೆ.

ಹೊಗೆಸೊಪ್ಪು ತೆಗೆದರೆ ಸಂಪ್ರದಾಯ ಕೆಡುವುದೆಂಬ ಅಂಜಿಕೆಗೆ ಆಧಾರವಿಲ್ಲ. ವಿಜಯನಗರದ ಅರಮನೆಯಲ್ಲಿ ಅಬ್ದುರ್ ರಜಾಕನ ಕೈಗೆ ಬಂದ ವೀಳೆಯದಲ್ಲಿ ಅದಿರಲಿಲ್ಲ. ಸೋಮೇಶ್ವರ ಭೂಪನ ತಾಂಬೂಲದಲ್ಲಿ ಇರಲಿಲ್ಲ. ಅದಿಲ್ಲದೆಯೇ ಅಷ್ಟು ಶತಮಾನ ಬಸುರಿಯರ ಮಡಿಲು ತುಂಬಿತು, ಮನೆಗಳು ತುಂಬಿದವು. ಬಿಜಾಪುರದ ದಾರಿಯಾಗಿ ಬಂದುದನ್ನು ಬಂದ ದಾರಿಯಲ್ಲಿಯೇ ಕಳುಹಿಸಿಕೊಟ್ಟರೆ ನಾವು ಕಳೆದುಕೊಳ್ಳುವುದೇನೂ ಇಲ್ಲ. ಗಳಿಸುವುದು ನೂರು ಗ್ರಾಮು. ಅದರ ಬೆಲೆ ಎಷ್ಟೆಂಬುದನ್ನು ಮೈಸೂರಿನ ಹಳೆಯ ದಾಖಲೆಗಳು ಹೇಳುತ್ತಿವೆ.